ಎಲ್ಲ ಮಕ್ಕಳು ಅಂದರೆ ಯಾರೆಲ್ಲ?

ನೀವು ಸಿಯಾಟಲ್ ಕಡೆಯವರಾದರೆ ಕ್ರಾಸ್‌ರೋಡ್ಸ್ ನಿಮಗೆ ಗೊತ್ತೇ ಇರುತ್ತೆ. ಬೆಲ್‌ವ್ಯೂ ಊರಿನ ಪೂರ್ವಕ್ಕಿರುವ ಬಡಾವಣೆ ಅದು. ಅಲ್ಲಿನ ಮಾಲ್ ಒಳಗೆ ನೆಲದ ಮೇಲೇ ದೊಡ್ಡದೊಂದು ಚೆಸ್ ಮನೆ ಇದೆ; ಕಾಯಿಗಳನ್ನು ಬಗ್ಗಿ ಎತ್ತಿ ಇಡಬೇಕು. ಸುತ್ತ ಬೇರೆ ಬೇರೆ ದೇಶದ ಊಟದ ಅಂಗಡಿಗಳು. ಊರಿಂದ ಅಪ್ಪ ಅಮ್ಮ ಬಂದರೆ ಒಂದು ಮಧ್ಯಾಹ್ನ ಇಲ್ಲಿಗೆ ಕರೆದುಕೊಂಡು ಬರುವುದು ನಮ್ಮ ಮನೆಯಲ್ಲಿ ವಾಡಿಕೆ. ನೀವು ಬೇರೆ ಊರಿನವರಾದರೂ ಪರವಾಗಿಲ್ಲ, ಇಂಥದ್ದೊಂದು ಜಾಗ ನಿಮ್ಮಲ್ಲೂ ಇದ್ದೇ ಇರುತ್ತೆ.

ಒಂದು ದಿನ ಮನೆಯಿಂದ ಕೆಲಸ ಮಾಡಿ ಬೇಜಾರಾಗಿ, ಲ್ಯಾಪ್‌ಟಾಪ್ ಹಿಡ್ಕೊಂಡು ಅಲ್ಲಿ ಕೂತಿದ್ದೆ. ಎದುರಿನ ಅಂಗಡಿಯ ಸಾಲಿನಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ನಿಂತಿದ್ದ. ಕೈಯಲ್ಲಿ ಚಿತ್ರಗಳಿದ್ದ ಒಂದು ಪುಟ್ಟ ಕಾರ್ಡು. ಅವನಿಂದ ಹತ್ತು ಅಡಿ ಹಿಂದೆ ಒಬ್ಬ ಹೆಂಗಸು ಕ್ಲಿಪ್‌ಬೋರ್ಡ್ ಹಿಡಿದು ನಿಂತಿದ್ದರು. ಹುಡುಗ ತನಗೆ ಬೇಕಾದದ್ದನ್ನು ಹೇಳಿದ, 20 ಡಾಲರ್ ನೋಟು ಕೊಟ್ಟ, ತಟ್ಟೆ ತಗೊಂಡು ಹೊರಟೇಬಿಟ್ಟ. ಚಿಲ್ಲರೆ ತಗೊಳ್ಳೋದು ಮರೆತಿದ್ದ. ಹಿಂದಿದ್ದ ಹೆಂಗಸು ನೋಡಿದರು, ಏನೂ ಹೇಳಲಿಲ್ಲ. ನಾಲ್ಕು ಹೆಜ್ಜೆ ಹೋದ ಮೇಲೆ ಅವನು ನಿಂತ. ಕಾರ್ಡು ನೋಡಿದ. ವಾಪಸ್ ಹೋಗಿ ಚಿಲ್ಲರೆ ಕೇಳಿ ಈಸ್ಕೊಂಡ. ಆಗ ಆಕೆ ಕ್ಲಿಪ್‌ಬೋರ್ಡ್ ಮೇಲೆ ಏನೋ ಒಂದು ಗುರುತು ಹಾಕಿಕೊಂಡರು. ಊಟ ಮುಗಿಸಿ ಇಬ್ಬರೂ ಬಸ್ ಸ್ಟಾಪಿನ ಕಡೆ ಹೋದರು.

ನಾನು ಡೇಟಾ ಸೈಂಟಿಸ್ಟ್. ಗುರುತು ಹಾಕಿದ ಕಾಗದ ಕಂಡರೆ ಅದರಲ್ಲಿ ಏನಿದೆ ಅಂತ ತಿಳಿಯುವ ಚಟ. ಆದರೆ ಅವತ್ತು ನನಗೆ ನೆನಪಾದದ್ದು ಕೆಲಸವಲ್ಲ, ತಿಪಟೂರು ಹತ್ತಿರದ ಊರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ. ನನಗಿಂತ ಎರಡು ವರ್ಷ ಚಿಕ್ಕವನು. ಶಾಲೆಯಲ್ಲಿ ಅವನನ್ನು ‘ದಡ್ಡ’ ಅಂತಲೇ ಕರೀತಿದ್ರು. ಏಳನೇ ಕ್ಲಾಸಿಗೆ ಓದು ನಿಂತಿತು. ಆದರೆ ಅಟ್ಟದ ಮೇಲಿನ ತೆಂಗಿನಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಆಗಿದೆಯಾ ಇಲ್ಲವಾ ಅಂತ ಅವನು ಹೇಳಿದರೆ ಅದು ತಪ್ಪೋದಿಲ್ಲ. ಇಷ್ಟು ವರ್ಷ ಆದರೂ ಚಿಕ್ಕಮ್ಮ ಅವನನ್ನು ಒಬ್ಬನೇ ತಿಪಟೂರಿಗೆ ಬಸ್ಸಿನಲ್ಲಿ ಕಳಿಸಿಲ್ಲ. ನಾನು ಫೋನ್ ಮಾಡಿದಾಗಲೆಲ್ಲ ಕೊನೆಗೆ ಅದೇ ಮಾತು: “ನಾವು ಹೋದ್ಮೇಲೆ ಇವನನ್ನ ಯಾರು ನೋಡ್ಕೋತಾರೆ ಕಣೇ?”

ಆ ಹೆಂಗಸು ಸುಮ್ಮನೆ ನಿಂತಿದ್ದ ಹತ್ತು ಅಡಿ ದೂರಕ್ಕೆ ಒಂದು ಇತಿಹಾಸ ಇದೆ. ಅದರ ದೊಡ್ಡದೊಂದು ಭಾಗ ಇದೇ ಸಿಯಾಟಲ್‌ನಲ್ಲಿ ನಡೆದದ್ದು. ಈ ಸಲ ನಿಮಗೆ ಆ ಕಥೆ ಹೇಳ್ತೀನಿ. ಚಿಕ್ಕಮ್ಮನ ಪ್ರಶ್ನೆಗೆ ಅದರಲ್ಲಿ ಅರ್ಧ ಉತ್ತರವಾದರೂ ಇದೆ ಅಂತ ನನಗನಿಸುತ್ತೆ.

ದೊಡ್ಡ ಮಾತು, ಮುಚ್ಚಿದ ಬಾಗಿಲು

ವಾಷಿಂಗ್ಟನ್ ರಾಜ್ಯದ ಸಂವಿಧಾನ ಬರೆದದ್ದು 1889ರಲ್ಲಿ. ಅದರ ಒಂಬತ್ತನೇ ವಿಧಿಯ ಮೊದಲ ಸಾಲು ಓದಿದರೆ ನಿಮಗೆ ಆಶ್ಚರ್ಯ ಆಗಬಹುದು. ರಾಜ್ಯದೊಳಗೆ ವಾಸಿಸುವ ಎಲ್ಲ ಮಕ್ಕಳ ಶಿಕ್ಷಣಕ್ಕೆ ಧಾರಾಳವಾಗಿ ವ್ಯವಸ್ಥೆ ಮಾಡುವುದು ಸರ್ಕಾರದ ಪರಮ ಕರ್ತವ್ಯ ಅಂತ ಅಲ್ಲಿದೆ. ಜನಾಂಗ, ಬಣ್ಣ, ಜಾತಿ, ಲಿಂಗ ಯಾವುದರ ಮೇಲೂ ಭೇದ ಮಾಡುವ ಹಾಗಿಲ್ಲ. ಹೌದು, ‘ಜಾತಿ’ ಅನ್ನುವ ಪದವೂ ಅಲ್ಲಿದೆ, ನಮ್ಮ ದೇಶದ ಸಂವಿಧಾನ ಬರುವುದಕ್ಕೆ ಅರವತ್ತು ವರ್ಷ ಮೊದಲೇ.

ಮಾತು ದೊಡ್ಡದು. ನಡೆದದ್ದು ಬೇರೆ. ಕಲಿಯೋದು ನಿಧಾನ ಅನ್ನಿಸಿದ ಮಗುವನ್ನು ಶಾಲೆ ‘ನಮ್ಮಲ್ಲಿ ಆಗಲ್ಲ’ ಅಂತ ವಾಪಸ್ ಕಳಿಸಬಹುದಿತ್ತು. ಆಗ ಹೆತ್ತವರ ಮುಂದೆ ಇದ್ದದ್ದು ಎರಡೇ ದಾರಿ. ಮಗುವನ್ನು ಮನೆಯೊಳಗೇ ಇಟ್ಟುಕೊಳ್ಳುವುದು, ಇಲ್ಲವೇ ಊರಾಚೆಯ ಸರ್ಕಾರಿ ಆಶ್ರಮಕ್ಕೆ ಒಪ್ಪಿಸುವುದು. ಸ್ಪೋಕೇನ್ ಹತ್ತಿರದ ಮೆಡಿಕಲ್ ಲೇಕ್‌ನಲ್ಲಿ ಅಂಥದ್ದೊಂದಿತ್ತು. 1939ರಲ್ಲಿ ಬಕ್ಲಿ ಅನ್ನುವ ಊರಿನಲ್ಲಿ, 1959ರಲ್ಲಿ ಸಿಯಾಟಲ್‌ಗೆ ಅಂಟಿಕೊಂಡಿರುವ ಶೋರ್‌ಲೈನ್‌ನಲ್ಲಿ ಇನ್ನೆರಡು ಬಂದವು. ಒಳಗೆ ಹೋದ ಮಕ್ಕಳಲ್ಲಿ ಎಷ್ಟೋ ಜನ ಅಲ್ಲೇ ಮುದುಕರಾದರು. ‘ಮಗುವನ್ನು ಅಲ್ಲಿಗೆ ಸೇರಿಸಿ, ಮರೆತುಬಿಡಿ, ಇನ್ನೊಂದು ಮಗು ಮಾಡಿಕೊಳ್ಳಿ’ ಅಂತ ಡಾಕ್ಟರುಗಳು ತಾಯಂದಿರಿಗೆ ಸಲಹೆ ಕೊಡುತ್ತಿದ್ದ ಕಾಲ ಅದು.

ಇದಕ್ಕಿಂತ ಕೆಟ್ಟದ್ದೂ ನಡೆಯಿತು. ಇಂಥವರಿಗೆ ಮಕ್ಕಳಾಗಬಾರದು ಅಂತ ಬಲವಂತದ ಸಂತಾನಹರಣ ಚಿಕಿತ್ಸೆಗೆ 1921ರಲ್ಲಿ ವಾಷಿಂಗ್ಟನ್ ರಾಜ್ಯ ಕಾನೂನು ಮಾಡಿತು. 1942ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡುವ ತನಕ ಅದು ಜಾರಿಯಲ್ಲಿತ್ತು.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ‘ಅಮೆರಿಕದಲ್ಲಿ ಇದೆಲ್ಲ ಮೊದಲಿಂದಲೂ ಚೆನ್ನಾಗಿತ್ತು, ನಮ್ಮ ದೇಶದಲ್ಲಿ ಮಾತ್ರ ಕಷ್ಟ’ ಅಂತ ನಾವು ಅಂದುಕೊಂಡುಬಿಡ್ತೀವಿ. ಹಾಗಿರಲಿಲ್ಲ.

ಒಂದು ಗೆರೆ ಸರಿದಾಗ

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಸುಲಭ ಇದೆ.

1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ಮಕ್ಕಳಿಗಾಗಿ ಒಂದು ಪರೀಕ್ಷೆ ಮಾಡಿದರು. ಯಾವ ಮಗುವಿಗೆ ಶಾಲೆಯಲ್ಲಿ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸುವುದು ಅದರ ಉದ್ದೇಶ. ಅದು ಅಮೆರಿಕಕ್ಕೆ ಬಂದ ಮೇಲೆ ಸಹಾಯದ ಮಾತು ಹಿಂದೆ ಸರಿದು, ಜನರನ್ನು ವಿಂಗಡಿಸುವ ಕೆಲಸ ಮುಂದೆ ಬಂತು. ನಮಗೆ ಈಗ ಗೊತ್ತಿರುವ ‘ಐಕ್ಯೂ’ ಹುಟ್ಟಿದ್ದು ಹೀಗೆ. ಈ ಪರೀಕ್ಷೆಗಳನ್ನು ಸರಾಸರಿ ಅಂಕ 100 ಬರುವ ಹಾಗೆ ಹೊಂದಿಸಿರುತ್ತಾರೆ. ಹೆಚ್ಚಿನ ಜನ 100ರ ಹತ್ತಿರ ಇರುತ್ತಾರೆ. ದೂರ ಹೋದಷ್ಟೂ ಜನ ಕಡಿಮೆ.

1959ರಲ್ಲಿ ಈ ಕ್ಷೇತ್ರದ ಅಮೆರಿಕನ್ ತಜ್ಞರ ಸಂಘ ಒಂದು ಗೆರೆ ಎಳೆಯಿತು: ಸುಮಾರು 85ರ ಕೆಳಗೆ ಬಂದವರು ಬುದ್ಧಿಮಾಂದ್ಯರು ಅಂತ ಕರೆಸಿಕೊಳ್ಳಬಹುದು. ಲೆಕ್ಕದ ಪ್ರಕಾರ ನೂರು ಜನರಲ್ಲಿ ಸುಮಾರು 16 ಜನ ಆ ಗೆರೆಯ ಕೆಳಗೆ ಬೀಳ್ತಾರೆ. 1973ರಲ್ಲಿ ಅದೇ ಸಂಘ ಗೆರೆಯನ್ನು ಸುಮಾರು 70ಕ್ಕೆ ಇಳಿಸಿತು. ಈಗ ಕೆಳಗೆ ಉಳಿದವರು ನೂರಕ್ಕೆ ಎರಡಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಯಾರಿಗೂ ಔಷಧಿ ಕೊಡಲಿಲ್ಲ, ಯಾರೂ ಹೊಸದಾಗಿ ಏನೂ ಕಲಿಯಲಿಲ್ಲ. ಗೆರೆ ಸರಿದದ್ದರಿಂದ ಅಷ್ಟೊಂದು ಜನ ‘ಸಾಮಾನ್ಯರು’ ಆಗಿಬಿಟ್ಟರು. ನನ್ನ ಕೆಲಸದಲ್ಲಿ ಯಾರಾದರೂ ಹೀಗೆ ಮಿತಿ ಬದಲಿಸಿದರೆ ನಾನು ಹತ್ತು ಪ್ರಶ್ನೆ ಕೇಳ್ತೀನಿ.

ಇದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಗೆರೆಯ ಅಕ್ಕಪಕ್ಕ ಇದ್ದವರ ಮೇಲೆ, ಅಂದರೆ ಸೌಮ್ಯ ಪ್ರಮಾಣದ ಬೌದ್ಧಿಕ ಅಂಗವೈಕಲ್ಯ ಇರುವವರ ಮೇಲೆ. ಬೌದ್ಧಿಕ ಅಂಗವೈಕಲ್ಯ ಇರುವವರಲ್ಲಿ ಬಹುಪಾಲು ಜನ ಇವರೇ. ನೋಡಿದರೆ ಗೊತ್ತಾಗಲ್ಲ. ಮಾತಾಡ್ತಾರೆ, ಕೆಲಸ ಮಾಡ್ತಾರೆ, ತಮಾಷೆ ಮಾಡ್ತಾರೆ. ಓದು, ಲೆಕ್ಕ, ಸಮಯ, ಹಣ, ಮುಂದಾಲೋಚನೆ ಇವುಗಳಲ್ಲಿ ನಿಧಾನ. ಹೊಸ ಪರಿಸ್ಥಿತಿ ಬಂದರೆ ಗಾಬರಿ ಆಗ್ತಾರೆ. ಸುಲಭವಾಗಿ ಮೋಸ ಹೋಗ್ತಾರೆ.

1970ರಲ್ಲಿ ಅಮೆರಿಕದ ಅಧ್ಯಕ್ಷರ ಸಮಿತಿಯೊಂದು ಇಂಥ ಮಕ್ಕಳ ಬಗ್ಗೆ ಒಂದು ವರದಿ ಕೊಟ್ಟಿತು. ಅದರ ಹೆಸರಿನಲ್ಲೇ ವಿಷಯ ಇತ್ತು: ದಿನಕ್ಕೆ ಆರು ಗಂಟೆ ಮಾತ್ರ ಮಂದ ಬುದ್ಧಿಯ ಮಗು. ಬೆಳಿಗ್ಗೆ ಶಾಲೆಯ ಗಂಟೆ ಹೊಡೆದಾಗಿನಿಂದ ಸಂಜೆ ಬಿಡುವ ತನಕ ಅವನು ‘ಮಂದ’. ಮನೆಗೆ ಬಂದರೆ ತಮ್ಮ ತಂಗಿಯರನ್ನು ನೋಡಿಕೊಳ್ತಾನೆ, ಅಂಗಡಿಗೆ ಹೋಗಿ ಬರ್ತಾನೆ, ಬೀದಿಯಲ್ಲಿ ಎಲ್ಲರ ಹಾಗೆ ಇರ್ತಾನೆ. ಬಡವರ, ಕಪ್ಪು ಜನರ, ಮನೆಯಲ್ಲಿ ಇಂಗ್ಲಿಷ್ ಆಡದವರ ಮಕ್ಕಳಿಗೇ ಈ ಹಣೆಪಟ್ಟಿ ಜಾಸ್ತಿ ಬೀಳುತ್ತಿತ್ತು.

ಇದನ್ನು ಓದುವಾಗ ಅಟ್ಟದ ಮೇಲೆ ಕಾಯಿ ಅಲ್ಲಾಡಿಸುವ ನನ್ನ ತಮ್ಮನೇ ಕಣ್ಣಮುಂದೆ ಬಂದ. ಅವನೂ ಆರು ಗಂಟೆಯ ದಡ್ಡ.

ಆದರೆ ಇನ್ನೊಂದು ಮಾತೂ ನಿಜ. ಅವನು ದೊಡ್ಡವನಾದ ಮೇಲೆ ಆ ಆರು ಗಂಟೆ ಶಾಲೆಯಿಂದ ಹೊರಗೆ ಬಂತು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಯಾರೋ ಸಾಲದ ಕಾಗದಕ್ಕೆ ಸಹಿ ಹಾಕು ಅಂದಾಗ. ಹಣೆಪಟ್ಟಿ ಬೇಡ ಅಂದರೆ ಸಾಲದು, ಸಹಾಯ ಬೇಕು. ಹಣೆಪಟ್ಟಿ ಇಲ್ಲದೆ ಸಹಾಯ ಸಿಗಲ್ಲ. ಈ ಇಕ್ಕಟ್ಟು ಇವತ್ತಿಗೂ ಬಿಟ್ಟಿಲ್ಲ.

ನಾಲ್ವರು ಹೆಂಗಸರು, ಇಬ್ಬರು ವಿದ್ಯಾರ್ಥಿಗಳು

ಸಿಯಾಟಲ್‌ಗೆ ವಾಪಸ್ ಬರೋಣ. 1965ರಲ್ಲಿ ಇಲ್ಲಿನ ಕೆಲವು ಹೆತ್ತವರು ಮಕ್ಕಳನ್ನು ಆಶ್ರಮಕ್ಕೆ ಕಳಿಸಲ್ಲ ಅಂತ ಹಟ ಹಿಡಿದು, ತಾವೇ ಸೇರಿ ನಾರ್ತ್‌ವೆಸ್ಟ್ ಸೆಂಟರ್ ಅನ್ನುವ ಸಂಸ್ಥೆ ಕಟ್ಟಿದರು. ಅದು ಈಗಲೂ ಇದೆ. ಆದರೆ ಎಷ್ಟು ಮನೆಯವರು ಹೀಗೆ ತಾವೇ ಶಾಲೆ ಕಟ್ಟೋಕೆ ಆಗುತ್ತೆ? ಪಕ್ಕದ ಮನೆಯ ಮಗು ಸರ್ಕಾರಿ ಶಾಲೆಗೆ ಹೋಗ್ತಿದ್ದರೆ ತಮ್ಮ ಮಗು ಯಾಕೆ ಹೋಗಬಾರದು?

ಈ ಪ್ರಶ್ನೆ ಹಿಡಿದು ಹೊರಟವರು ನಾಲ್ವರು ಹೆಂಗಸರು: ಜಾನೆಟ್ ಟ್ಯಾಗರ್ಟ್, ಕೇಟಿ ಡೋಲನ್, ಎವೆಲಿನ್ ಚಾಪ್‌ಮನ್, ಸೆಸಿಲ್ ಲಿಂಡ್‌ಕ್ವಿಸ್ಟ್. ಶಾಲೆಯ ಬಾಗಿಲು ಮುಚ್ಚಿದರೆ ಮನೆಯಲ್ಲಿ ಏನಾಗುತ್ತೆ ಅನ್ನೋದನ್ನು ಅವರು ಹತ್ತಿರದಿಂದ ಕಂಡಿದ್ದರು. ವಕೀಲರನ್ನು ಇಟ್ಟುಕೊಳ್ಳುವಷ್ಟು ದುಡ್ಡು ಇರಲಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ಕಾನೂನು ವಿದ್ಯಾರ್ಥಿಗಳು, ಜಾರ್ಜ್ ಬ್ರೆಕ್ ಮತ್ತು ವಿಲಿಯಂ ಡುಸಾಲ್ಟ್, ಅವರ ಜೊತೆ ಸೇರಿದರು. ಇನ್ನೂ ಡಿಗ್ರಿ ಮುಗಿಸದ ಹುಡುಗರು.

ಅವರ ವಾದ ತುಂಬಾ ಸರಳ. 1889ರ ಸಂವಿಧಾನದಲ್ಲಿ ‘ಎಲ್ಲ ಮಕ್ಕಳು’ ಅಂತ ಇದೆ. ಎಲ್ಲ ಅಂದರೆ ಎಲ್ಲರೂ ತಾನೇ? ಹಾಗಾದರೆ ಯಾವುದೇ ಮಗುವನ್ನು ಶಾಲೆ ಹೊರಗಿಡುವ ಹಾಗಿಲ್ಲ. ಇದನ್ನೇ ಒಂದು ಮಸೂದೆಯಾಗಿ ಬರೆದು, ಒಲಿಂಪಿಯಾದ ಶಾಸನಸಭೆಗೆ ಹೋಗಿ, ಒಬ್ಬೊಬ್ಬ ಶಾಸಕರನ್ನೂ ಹಿಡಿದು ಒಪ್ಪಿಸಿದರು. 1971ರಲ್ಲಿ ಅದು ಪಾಸಾಯಿತು. ಹೆಸರು ಹೌಸ್ ಬಿಲ್ 90. ಜನ ಕರೆದದ್ದು ‘ಎಲ್ಲರಿಗೂ ಶಿಕ್ಷಣ’ ಕಾನೂನು ಅಂತ. ಅಂಗವೈಕಲ್ಯ ಇರುವ ಮಗುವಿಗೂ ಪಾಠ ಹೇಳುವುದು ಇನ್ನು ಮೇಲೆ ಶಾಲೆಯ ದಯೆ ಅಲ್ಲ, ಕರ್ತವ್ಯ. ದೇಶದಲ್ಲೇ ಇಂಥ ಮೊದಮೊದಲ ಕಾನೂನುಗಳಲ್ಲಿ ಇದೊಂದು.

ಅದೇ ಹೊತ್ತಿಗೆ ಪೆನ್ಸಿಲ್ವೇನಿಯಾದಲ್ಲೂ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲೂ ಹೆತ್ತವರು ಕೋರ್ಟಿಗೆ ಹೋಗಿ ಗೆದ್ದರು. ಕೊನೆಗೆ 1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿಗೆ ಸಹಿ ಹಾಕಿದರು. ಅಂಗವೈಕಲ್ಯ ಇರುವ 80 ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸರಿಯಾದ ಶಿಕ್ಷಣ ಸಿಗುತ್ತಿಲ್ಲ, 10 ಲಕ್ಷ ಮಕ್ಕಳು ಸರ್ಕಾರಿ ಶಾಲೆಯಿಂದ ಪೂರ್ತಿ ಹೊರಗಿದ್ದಾರೆ ಅಂತ ಆ ಕಾನೂನೇ ಒಪ್ಪಿಕೊಂಡಿತ್ತು. ಪ್ರತಿ ಮಗುವಿಗೂ ಅದರದ್ದೇ ಆದ ಒಂದು ಬರೆದ ಯೋಜನೆ ಇರಬೇಕು, ಅದನ್ನು ಹೆತ್ತವರ ಜೊತೆ ಕೂತು ಮಾಡಬೇಕು ಅಂತಲೂ ಹೇಳಿತು. ಇವತ್ತು ನೀವು ‘ಐಇಪಿ’ ಅಂತ ಕೇಳ್ತೀರಲ್ಲ, ಅದು ಇದೇ.

ಬಾಗಿಲಿನಿಂದ ಬಸ್ ಸ್ಟಾಪಿಗೆ

ಮಕ್ಕಳು ಶಾಲೆಯ ಒಳಗೆ ಬಂದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಮೊದಲ ತಂಡ ಹೈಸ್ಕೂಲ್ ಮುಗಿಸಿ ಹೊರಗೂ ಬಂತು. ಬಂದು ಮಾಡಿದ್ದೇನು? ತುಂಬಾ ಜನ ಮನೆಯ ಸೋಫಾ ಮೇಲೆ ಕೂತರು. ಶಾಲೆ ಅವರಿಗೆ ಎರಡನೇ ಕ್ಲಾಸಿನ ಲೆಕ್ಕವನ್ನು ಹನ್ನೆರಡು ವರ್ಷ ಹೇಳಿಕೊಟ್ಟಿತ್ತು. ಅಂಗಡಿಯಲ್ಲಿ ಚಿಲ್ಲರೆ ಎಣಿಸೋದು ಹೇಳಿಕೊಟ್ಟಿರಲಿಲ್ಲ.

ಇದನ್ನು ಸರ್ಕಾರದ ಒಳಗಿಂದಲೇ ಗಟ್ಟಿಯಾಗಿ ಹೇಳಿದವರು ಮೆಡಲಿನ್ ವಿಲ್. ಕೇಂದ್ರ ಶಿಕ್ಷಣ ಇಲಾಖೆಯಲ್ಲಿ ವಿಶೇಷ ಶಿಕ್ಷಣದ ಹೊಣೆ ಹೊತ್ತಿದ್ದವರು, ಡೌನ್ ಸಿಂಡ್ರೋಮ್ ಇದ್ದ ಮಗನ ತಾಯಿ. 1984ರಲ್ಲಿ ಅವರು ಶಾಲೆಯಿಂದ ದುಡಿಮೆಯ ಬದುಕಿಗೆ ಸೇತುವೆ ಬೇಕು ಅಂತ ಒಂದು ನೀತಿಪತ್ರ ಬರೆದರು. 1990ರಲ್ಲಿ ಕಾನೂನು ತಿದ್ದುಪಡಿ ಆದಾಗ ಈ ಸೇತುವೆ ಕಡ್ಡಾಯ ಆಯಿತು. 2004ರ ತಿದ್ದುಪಡಿ ಪ್ರಕಾರ ಮಗುವಿಗೆ 16 ವರ್ಷ ಆಗುವ ಹೊತ್ತಿಗೆ ಮುಂದಿನ ಓದು, ಕೆಲಸ, ಬೇಕಿದ್ದಲ್ಲಿ ಸ್ವತಂತ್ರ ಬದುಕು, ಇವುಗಳ ಗುರಿ ಐಇಪಿಯಲ್ಲಿ ಇರಲೇಬೇಕು. ಇಲ್ಲಿನ ಶಾಲಾ ಜಿಲ್ಲೆಗಳು ಡಿಪ್ಲೊಮಾ ಇನ್ನೂ ಪಡೆಯದ ಇಂಥ ಯುವಕರಿಗೆ 18 ದಾಟಿದ ಮೇಲೂ ಕೆಲವು ವರ್ಷ ತರಗತಿ ನಡೆಸ್ತವೆ. ಅದರ ತರಗತಿ ಕೋಣೆ ಅಂದರೆ ಬಸ್ಸು, ಅಂಗಡಿ, ಅಡುಗೆಮನೆ, ಲಾಂಡ್ರಿ. ಅವತ್ತು ಮಾಲ್‌ನಲ್ಲಿ ನಾನು ಕಂಡದ್ದು ಅಂಥ ಒಂದು ಪಾಠವೇ ಇರಬೇಕು.

ಕಲಿಸುವ ವಿಧಾನವೂ ಬದಲಾಗಿತ್ತು. 1970ರ ದಶಕದಲ್ಲಿ ಮಾರ್ಕ್ ಗೋಲ್ಡ್ ಎಂಬುವವರು, ಆಶ್ರಮಗಳಲ್ಲಿ ‘ಇವರಿಗೆ ಏನೂ ಬರಲ್ಲ’ ಅಂತ ಬಿಟ್ಟಿದ್ದ ಜನರಿಗೆ ಸೈಕಲ್ ಬ್ರೇಕಿನ ಬಿಡಿಭಾಗ ಜೋಡಿಸೋದು ಕಲಿಸಿ ತೋರಿಸಿದರು. ಗುಟ್ಟು ಇಷ್ಟೇ: ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆಯುವುದು, ಒಂದೊಂದನ್ನೇ ಕೈಗೆ ರೂಢಿ ಮಾಡಿಸುವುದು. ಕಲಿಯಲಿಲ್ಲ ಅಂದರೆ ಕಲಿಯುವವನನ್ನು ಬೈಯುವ ಬದಲು ಹೇಳಿಕೊಡುವ ರೀತಿ ಬದಲಿಸುವುದು.

ದೋಸೆ ಹುಯ್ಯೋದನ್ನೇ ತಗೊಳ್ಳಿ. ನಮಗೆ ಅದು ಒಂದು ಕೆಲಸ. ಒಡೆದರೆ ಹದಿನೈದು ಇಪ್ಪತ್ತು: ಒಲೆ ಹಚ್ಚು, ಉರಿ ನೋಡು, ಹೆಂಚು ಇಡು, ನೀರು ಚಿಮುಕಿಸಿ ಕಾದಿದೆಯಾ ನೋಡು, ಒಂದು ಸೌಟು ಹಿಟ್ಟು ತಗೋ, ನಡುವೆ ಹುಯ್ಯಿ, ಸುತ್ತಿಸು. ಇದರಲ್ಲಿ ಯಾವ ಹೆಜ್ಜೆ ತಾನೇ ಮಾಡಿದ, ಯಾವುದಕ್ಕೆ ಹೇಳಬೇಕಾಯ್ತು, ಯಾವುದಕ್ಕೆ ಕೈ ಹಿಡೀಬೇಕಾಯ್ತು ಅಂತ ದಿನಾ ಗುರುತು ಹಾಕ್ತಾರೆ. ಆ ಕ್ಲಿಪ್‌ಬೋರ್ಡಿನಲ್ಲಿ ಇದ್ದದ್ದೂ ಇಂಥದ್ದೇ ಇರಬೇಕು. ‘ಹೇಳಬೇಕಾಯ್ತು’ ಅನ್ನುವ ಗುರುತು ಕಡಿಮೆ ಆಗ್ತಾ ಬಂದ ಹಾಗೆ ಹೇಳಿಕೊಡುವವರು ಒಂದೊಂದು ಅಡಿ ಹಿಂದಕ್ಕೆ ಸರೀತಾರೆ. ಸರಿಯೋದನ್ನು ಮರೆತರೆ ಪಾಠ ಕೆಟ್ಟಿತು. ಆಗ ಹುಡುಗ ಕಲಿಯೋದು ದೋಸೆ ಹುಯ್ಯೋದಲ್ಲ, ಯಾರಾದರೂ ಹೇಳೋ ತನಕ ಕಾಯೋದನ್ನು.

ಕೆಲಸದ ವಿಷಯದಲ್ಲೂ ಈ ರಾಜ್ಯ ಮುಂದೆ ಹೋಯಿತು. ಮೊದಲು ಇಂಥವರನ್ನೆಲ್ಲ ಒಂದು ಶೆಡ್ಡಿನಲ್ಲಿ ಕೂರಿಸಿ, ಕನಿಷ್ಠ ಕೂಲಿಗಿಂತ ಕಡಿಮೆ ದುಡ್ಡಿಗೆ ಪೊಟ್ಟಣ ಕಟ್ಟಿಸುವುದು ರೂಢಿ; 1938ರ ಕೇಂದ್ರ ಕಾನೂನೇ ಅದಕ್ಕೆ ಅನುಮತಿ ಕೊಟ್ಟಿತ್ತು. 2004ರಲ್ಲಿ ವಾಷಿಂಗ್ಟನ್ ರಾಜ್ಯ, ದುಡಿಯುವ ವಯಸ್ಸಿನವರಿಗೆ ಎಲ್ಲರ ನಡುವಿನ ಸಾಮಾನ್ಯ ಕೆಲಸ ಸಿಗುವ ಹಾಗೆ ನೆರವು ಕೊಡುವುದೇ ಮೊದಲ ಗುರಿ ಅಂತ ನೀತಿ ಮಾಡಿತು. 2021ರಲ್ಲಿ ಆ ಕಡಿಮೆ ಕೂಲಿಯ ಪದ್ಧತಿಯನ್ನೇ ನಿಲ್ಲಿಸುವ ಕಾನೂನು ಬಂತು.

ಅದೇ ಪ್ರಶ್ನೆ, ಬೆಂಗಳೂರಿನಲ್ಲಿ

ಇತ್ತ ನಮ್ಮ ಕಡೆ ಏನಾಗ್ತಿತ್ತು? ಬೆಂಗಳೂರಿನಲ್ಲಿ 1960ರಲ್ಲೇ ಬುದ್ಧಿಮಾಂದ್ಯ ಮಕ್ಕಳಿಗಾಗಿ ಒಂದು ಸಂಘ ಹುಟ್ಟಿತು. ಎಎಂಸಿ ಅಂದರೆ ಹಳಬರಿಗೆ ಗೊತ್ತು. ಇಲ್ಲೂ ಬಂಡಿ ಎಳೆದವರಲ್ಲಿ ಹೆತ್ತವರು ಮುಂದಿದ್ದರು. 1995ರಲ್ಲಿ ದೇಶದ ಹೆತ್ತವರ ಸಂಘಗಳು ಸೇರಿ ‘ಪರಿವಾರ್’ ಅನ್ನುವ ಒಕ್ಕೂಟ ಮಾಡಿಕೊಂಡವು. ಬೆಂಗಳೂರಿನ ಜೆ.ಪಿ. ಗಡ್ಕರಿ ಅದರ ಅಧ್ಯಕ್ಷರಾಗಿ ದುಡಿದವರು.

1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ಅಂದರೆ ನ್ಯಾಷನಲ್ ಟ್ರಸ್ಟ್ ಆ್ಯಕ್ಟ್, ಹುಟ್ಟಿದ್ದರ ಹಿಂದೆ ಇದ್ದದ್ದೂ ನಮ್ಮ ಚಿಕ್ಕಮ್ಮನ ಪ್ರಶ್ನೆಯೇ. 18 ದಾಟಿದ ಮಗನಿಗೆ ಅಪ್ಪ ಅಮ್ಮನ ನಂತರ ಯಾರು? ಅದಕ್ಕೆ ಜಿಲ್ಲಾಧಿಕಾರಿ ನೇತೃತ್ವದ ಒಂದು ಸಮಿತಿ ಪೋಷಕರನ್ನು ನೇಮಿಸುವ ವ್ಯವಸ್ಥೆ ಬಂತು. ‘ನಿರಾಮಯ’ ಹೆಸರಿನ 1 ಲಕ್ಷ ರೂಪಾಯಿ ತನಕದ ಆರೋಗ್ಯ ವಿಮೆ ಇದೇ ಟ್ರಸ್ಟಿನದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ಸರ್ಕಾರಿ ಕೆಲಸದ ಮೀಸಲಾತಿಯಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರೂ ಸೇರಿದರು.

ಗೆರೆಯ ಆಟ ಇಲ್ಲೂ ಇದೆ. ಹೆಚ್ಚಿನ ಸೌಲಭ್ಯಗಳಿಗೆ ಶೇಕಡ 40ರ ಸರ್ಟಿಫಿಕೇಟ್ ಬೇಕು. 2001ರ ಸರ್ಕಾರಿ ಮಾರ್ಗಸೂಚಿಯಲ್ಲಿ ‘ಸೌಮ್ಯ’ ಅಂದರೆ ಶೇಕಡ 50, ಅದಕ್ಕಿಂತ ಸ್ವಲ್ಪ ಮೇಲೆ ಗಡಿಯಲ್ಲಿ ಇದ್ದರೆ ಶೇಕಡ 25. ನಾಲ್ಕು ಅಂಕದ ವ್ಯತ್ಯಾಸದಲ್ಲಿ ಒಬ್ಬ ಒಳಗೆ, ಒಬ್ಬ ಹೊರಗೆ. ನನ್ನ ತಮ್ಮ ಯಾವ ಕಡೆ ಬೀಳ್ತಾನೋ ನಮಗೆ ಗೊತ್ತಿಲ್ಲ, ಯಾಕೆಂದರೆ ಪರೀಕ್ಷೆಯನ್ನೇ ಮಾಡಿಸಿಲ್ಲ. “ಸರ್ಟಿಫಿಕೇಟ್ ಮಾಡಿಸಿದ್ರೆ ಊರಿಗೆಲ್ಲ ಗೊತ್ತಾಗುತ್ತೆ” ಅನ್ನೋದು ಚಿಕ್ಕಪ್ಪನ ಭಯ. ಊರಿಗೆ ಮೂವತ್ತು ವರ್ಷದಿಂದ ಗೊತ್ತಿದೆ.

ಸಂತೋಷದ ಸುದ್ದಿಯೂ ಇದೆ. 2017ರಲ್ಲಿ ಹುಬ್ಬಳ್ಳಿಯಲ್ಲಿ ಅಲೀನಾ ಆಲಂ ಅನ್ನುವ ಯುವತಿ ‘ಮಿಟ್ಟಿ ಕೆಫೆ’ ಶುರು ಮಾಡಿದರು. ಅಲ್ಲಿ ಚಹಾ ಮಾಡುವವರು, ತಟ್ಟೆ ತಂದು ಕೊಡುವವರು, ದುಡ್ಡು ತಗೊಳ್ಳುವವರು ದೈಹಿಕ ಅಥವಾ ಬೌದ್ಧಿಕ ಅಂಗವೈಕಲ್ಯ ಇರುವವರು. 2023ರಲ್ಲಿ ಅದರ ಒಂದು ಕೆಫೆ ದೆಹಲಿಯ ಸುಪ್ರೀಂ ಕೋರ್ಟ್ ಆವರಣದಲ್ಲೂ ತೆರೆಯಿತು. ಹುಬ್ಬಳ್ಳಿಯ ಕೌಂಟರ್ ಆಚೆ ಚಿಲ್ಲರೆ ಎಣಿಸುವ ಹುಡುಗ, ಕ್ರಾಸ್‌ರೋಡ್ಸ್‌ನ ಕೌಂಟರ್ ಈಚೆ ಚಿಲ್ಲರೆ ಎಣಿಸುವ ಹುಡುಗ, ಇಬ್ಬರೂ ಓದಿದ್ದು ಒಂದೇ ಪಾಠ.

ನಮ್ಮ ಮನೆಗಳ ಮಾತು

ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರ ಮನೆಯಲ್ಲೇ ಇಂಥ ಮಗು ಇರಬಹುದು. ಹಾಗಿದ್ದರೆ ನೇರವಾಗಿ ಮೂರು ಮಾತು ಹೇಳ್ತೀನಿ.

ಮೊದಲನೆಯದು ಭಾಷೆ. ‘ಈ ಮಗುವಿಗೆ ಇಂಗ್ಲಿಷೇ ಕಷ್ಟ, ಮನೆಯಲ್ಲಿ ಕನ್ನಡ ನಿಲ್ಲಿಸಿ’ ಅಂತ ಯಾರಾದರೂ ಸಲಹೆ ಕೊಟ್ಟರೆ ಅವಸರ ಮಾಡಬೇಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ನೋಡಿದ ಅಧ್ಯಯನಗಳಲ್ಲಿ ಎರಡು ಭಾಷೆಯಿಂದ ಹಾನಿ ಆದದ್ದು ಕಂಡಿಲ್ಲ. ಅಜ್ಜಿ ಜೊತೆ ಫೋನಿನಲ್ಲಿ ಮಾತಾಡೋದು, ದೊಡ್ಡಪ್ಪನ ಮನೆಯ ಮದುವೆಯಲ್ಲಿ ‘ಊಟ ಆಯ್ತಾ’ ಅಂತ ಕೇಳೋದು ಕೂಡ ಸ್ವತಂತ್ರ ಬದುಕೇ. ಐಇಪಿ ಮೀಟಿಂಗಿನಲ್ಲಿ ನಿಮಗೇ ಇಂಗ್ಲಿಷ್ ಕಷ್ಟ ಆದರೆ ಕನ್ನಡ ದುಭಾಷಿ ಬೇಕು ಅಂತ ಶಾಲೆಯನ್ನು ಕೇಳಬಹುದು. ಅದು ನಿಮ್ಮ ಹಕ್ಕು.

ಎರಡನೆಯದು 21ರ ಗಡಿ. ಸರ್ಕಾರಿ ಶಾಲೆಗೆ ಬರುವ ಮಗುವಿನ ವೀಸಾ ಯಾವುದು ಅನ್ನೋದು ಮುಖ್ಯವಲ್ಲ. 1982ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಇತ್ಯರ್ಥ ಮಾಡಿದೆ. ಆದರೆ ಶಾಲೆ ಮುಗಿದ ಮೇಲೆ ಸಿಗುವ ಎಷ್ಟೋ ನೆರವುಗಳಿಗೆ ವಲಸೆಯ ಸ್ಥಿತಿ ಲೆಕ್ಕಕ್ಕೆ ಬರುತ್ತೆ. ಅಪ್ಪ ಅಮ್ಮನ ಎಚ್‌1ಬಿ ಜೊತೆ ಎಚ್‌4ರಲ್ಲಿ ಬಂದ ಮಗು 21 ತುಂಬಿದಾಗ ಆ ವೀಸಾದಿಂದ ಹೊರಗೆ ಬೀಳುತ್ತೆ. ಬೌದ್ಧಿಕ ಅಂಗವೈಕಲ್ಯ ಇದೆ ಅಂದರೂ ಅದಕ್ಕೆ ವಿನಾಯಿತಿ ಇಲ್ಲ. ಶಾಲೆಯ ಸೇತುವೆ ಮುಗಿಯುವ ಹೊತ್ತಿಗೇ ವೀಸಾದ ಗಡಿಯಾರವೂ ಹೊಡೆಯುತ್ತೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವ ಮನೆಗಳು ಮಗುವಿಗೆ 20 ಆದಾಗ ಅಲ್ಲ, 12 ಆದಾಗಲೇ ವಕೀಲರ ಹತ್ತಿರ ಮಾತಾಡಬೇಕು.

ಮೂರನೆಯದು ನಮ್ಮದೇ ಪ್ರೀತಿ. ನಮ್ಮಲ್ಲಿ ಪ್ರೀತಿ ಅಂದರೆ ಮಾಡಿಕೊಡುವುದು. ಊಟ ಕಲಸಿ ಕೊಡೋದು, ಶೂ ಲೇಸ್ ಕಟ್ಟೋದು, ಮಗುವಿಗೆ ಕೇಳಿದ ಪ್ರಶ್ನೆಗೆ ನಾವೇ ಉತ್ತರ ಹೇಳೋದು. ಆ ಹತ್ತು ಅಡಿ ದೂರ ನಮಗೆ ನಿರ್ದಯ ಅನ್ನಿಸುತ್ತೆ. ನನಗೂ ಅವತ್ತು ಎದ್ದು ಹೋಗಿ ಆ ಹುಡುಗನಿಗೆ ‘ನಿನ್ನ ಚಿಲ್ಲರೆ’ ಅಂತ ಹೇಳೋ ಮನಸ್ಸಾಗಿತ್ತು. ಹೇಳಿದ್ದರೆ ಅವನ ನಾಲ್ಕು ಹೆಜ್ಜೆಯನ್ನು ನಾನು ಕಿತ್ತುಕೊಂಡ ಹಾಗೆ ಆಗ್ತಿತ್ತು.

ಒಂಟಿಯಾಗಿ ಬದುಕೋದೇ ಸ್ವತಂತ್ರ ಬದುಕು ಅಂತ ನಾನು ಹೇಳ್ತಿಲ್ಲ. ನಮ್ಮ ಕೂಡು ಮನೆಗಳು ಎಷ್ಟೋ ಜನರನ್ನು ಯಾವ ಹಣೆಪಟ್ಟಿಯೂ ಇಲ್ಲದೆ ಸಾಕಿವೆ, ಅದು ಸಣ್ಣ ವಿಷಯ ಅಲ್ಲ. ಆದರೆ ಆ ಮನೆ ಯಾರೋ ಒಬ್ಬ ಅಮ್ಮನ ಮೇಲೆ ನಿಂತಿದ್ದರೆ, ಅಮ್ಮ ಹೋದ ದಿನ ಅದೂ ಹೋಗುತ್ತೆ.

ಹೋದ ವರ್ಷ ನಾನೂ ಚಿಕ್ಕಮ್ಮನೂ ವಾಟ್ಸಾಪಿನಲ್ಲಿ ಕೂತು ಊರಿಂದ ತಿಪಟೂರಿಗೆ ಹೋಗುವ ಬಸ್ಸಿನ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಒಡೆದು ಬರೆದೆವು. ಹದಿನಾಲ್ಕು ಹೆಜ್ಜೆ ಆಯಿತು. ಮೊದಲ ದಿನ ಚಿಕ್ಕಮ್ಮ ಅವನ ಪಕ್ಕದಲ್ಲೇ ಕೂತರು. ಆಮೇಲೆ ಹಿಂದಿನ ಸೀಟು. ಅವರಿಗೆ ಶಕ್ತಿ ಯೋಜನೆಯಲ್ಲಿ ಪ್ರಯಾಣ ಪುಕ್ಕಟೆ. ಅವನ ಟಿಕೆಟ್ ಅವನೇ ತಗೋಬೇಕು, ಚಿಲ್ಲರೆ ಅವನೇ ಕೇಳಬೇಕು. ಮೂರನೇ ಸಲ ಅವನು ಒಂದು ಸ್ಟಾಪ್ ಮುಂಚೆ ಇಳಿದುಬಿಟ್ಟ. ಚಿಕ್ಕಮ್ಮನೂ ಗಾಬರಿಯಿಂದ ಇಳಿದು, ಅವತ್ತೇ ನನಗೆ ಫೋನ್ ಮಾಡಿ, “ಸಾಕು ಕಣೇ ಇದೆಲ್ಲ” ಅಂದರು. ಅವನು ಪಕ್ಕದಿಂದ ಕೂಗಿದ: “ಅಕ್ಕಾ, ಇನ್ನೊಂದ್ಸಲ ಹೋಗ್ತೀನಿ.”

ಇನ್ನೂ ಪೂರ್ತಿ ಒಬ್ಬನೇ ಹೋಗಿಲ್ಲ. ಚಿಕ್ಕಮ್ಮ ಈಗ ಕೂರೋದು ಬಸ್ಸಿನ ಕೊನೆಯ ಸೀಟಿನಲ್ಲಿ, ಅವನಿಗೆ ಕಾಣದ ಹಾಗೆ. ನಿಮ್ಮ ಮನೆಯಲ್ಲೂ ಇಂಥವರು ಇದ್ದರೆ ಈ ವಾರ ಒಂದೇ ಒಂದು ಕೆಲಸ ಆರಿಸಿಕೊಳ್ಳಿ, ಅದನ್ನು ಹೆಜ್ಜೆಗಳಾಗಿ ಒಡೆದು ಬರೆಯಿರಿ, ಒಂದು ಅಡಿ ಹಿಂದೆ ನಿಂತು ನೋಡಿ. ಏನಾಯಿತು ಅಂತ ನಮಗೂ ಬರೆದು ತಿಳಿಸಿ.